ಮಡಕೆ ಚೂರುಗಳ ಕೆಲಸ, ಮಂಚದಡಿಯ ಚುಕ್ಕಿ

ನಾನು ವಿಜಯನಗರ ಕಾಲದ ಮಡಕೆ ಚೂರುಗಳ ಚಿತ್ರ ಬರೆಯುತ್ತೇನೆ. ಹಂಪಿ ಅಂದರೆ ಎಲ್ಲರಿಗೂ ಕಲ್ಲಿನ ರಥ, ವಿರೂಪಾಕ್ಷನ ಗೋಪುರ. ಆದರೆ 1565ರ ಯುದ್ಧಕ್ಕೆ ಮುಂಚೆ ಅಲ್ಲಿ ಬದುಕಿದ್ದ ಸಾಮಾನ್ಯ ಜನರ ಮಣ್ಣು, ಮರ, ಹುಲ್ಲಿನ ಮನೆಗಳು ಈಗಿಲ್ಲ. ಅವರು ಅಡುಗೆ ಮಾಡಿದ ಮಡಕೆಯ ಚೂರುಗಳಿವೆ. ನನಗೆ ಗೋಪುರಕ್ಕಿಂತ ಅವೇ ಜಾಸ್ತಿ ಇಷ್ಟ.

ಬಾಯಂಚಿನ ಚೂರು ಸಿಕ್ಕರೆ ಖುಷಿ. ಒಂದರೊಳಗೊಂದು ವೃತ್ತ ಬರೆದ ಹಾಳೆಯ ಮೇಲೆ ಅದನ್ನು ಕವುಚಿಟ್ಟು, ಅಂಚು ಯಾವ ವೃತ್ತಕ್ಕೆ ಕೂಡುತ್ತದೆ ನೋಡುತ್ತೇನೆ. ಮಡಕೆಯ ಬಾಯಿ ಎಷ್ಟು ಅಗಲ ಇತ್ತು ಗೊತ್ತಾಗುತ್ತದೆ. ಹೊರಮೈಗೆ ಮಸಿ ಹಿಡಿದಿದ್ದರೆ ಒಲೆಯ ಮೇಲೆ ಕೂತದ್ದಿರಬೇಕು. ಹಂಪಿಯಲ್ಲಿ ಚೀನಾದ ನೀಲಿ-ಬಿಳಿ ಪಿಂಗಾಣಿಯ ಚೂರುಗಳೂ ಸಿಕ್ಕಿವೆ. ಆದರೆ ಚೂರು ಮಣ್ಣಿನ ಯಾವ ಪದರದಲ್ಲಿತ್ತು, ಅದರ ಪಕ್ಕ ಏನಿತ್ತು ಅಂತ ಬರೆದುಕೊಳ್ಳದೆ ಎತ್ತಿಬಿಟ್ಟರೆ ಅದು ಹೇಳಬೇಕಾದ ಅರ್ಧ ಮಾತು ಅಲ್ಲೇ ಹೋಯಿತು.

ಚೂರುಗಳನ್ನು ಮನೆಗೆ ತರುವಂತಿಲ್ಲ. ಪೆನ್ಸಿಲ್ ಚಿತ್ರಗಳನ್ನು ತಂದು ರಾತ್ರಿ ಶಾಯಿ ಹಾಕುತ್ತೇನೆ. ನನ್ನ ಬೆಕ್ಕು ಚುಕ್ಕಿ ನನಗೆ ಒಗ್ಗಿದ್ದು ಆ ಹೊತ್ತಿನಲ್ಲೇ.

ಮೋರಿ ಪೈಪಿನಿಂದ ಬೀದಿಯ ಹುಡುಗರು ಹೊರತೆಗೆದ ಬೆಕ್ಕು ಅವಳು. ಬಂದವಳೇ ಮಂಚದಡಿ ಸೇರಿದಳು. ನಾನು ಎಳೆಯಲಿಲ್ಲ, ಬಗ್ಗಿ ನೋಡಲೂ ಇಲ್ಲ. ಅವಳಿಗೆ ಆ ಒಂದೇ ಕೋಣೆ ಬಿಟ್ಟುಕೊಟ್ಟೆ. ರಟ್ಟಿನ ಪೆಟ್ಟಿಗೆಗೆ ಎರಡು ಕಡೆ ಕಂಡಿ ಕೊರೆದಿಟ್ಟೆ. ಓಡಿಹೋಗಲು ಇನ್ನೊಂದು ದಾರಿ ಇದೆ ಅಂತ ಗೊತ್ತಿದ್ದರೆ ಬೆಕ್ಕಿಗೆ ಧೈರ್ಯ. ಮರಳಿನ ಟ್ರೇ ಒಂದು ಮೂಲೆಗೆ, ಊಟ ಇನ್ನೊಂದು ಮೂಲೆಗೆ. ಉಪ್ಪು ಹಾಕದೆ ಬೇಯಿಸಿದ ಕೋಳಿ, ದಿನಾ ಅದೇ ಹೊತ್ತಿಗೆ. ಬೆಳಿಗ್ಗೆ ತಟ್ಟೆ, ಟ್ರೇ, ಚಾಪೆಯ ಮೇಲಿನ ಕೂದಲು ನೋಡಿಯೇ ರಾತ್ರಿ ಎಲ್ಲೆಲ್ಲಿ ಓಡಾಡಿದ್ದಾಳೆ ಅಂತ ತಿಳಿದುಕೊಳ್ಳುತ್ತಿದ್ದೆ.

ರಾತ್ರಿ ನೆಲದ ಮೇಲೆ ಅವಳಿಗೆ ಬೆನ್ನು ಹಾಕಿ ಕೂತು ಶಾಯಿ ಹಾಕುತ್ತಿದ್ದೆ. ಮಾತಿಲ್ಲ, ಪೆನ್ನಿನ ಸದ್ದು ಅಷ್ಟೇ. ಮೆಲ್ಲಗೆ ಪೆಟ್ಟಿಗೆಗೆ ಬಂದಳು, ಆಮೇಲೆ ಚಾಪೆಗೆ. ಕಣ್ಣಿಗೆ ಕಣ್ಣು ಸಿಕ್ಕರೆ ದಿಟ್ಟಿಸದೆ ನಿಧಾನಕ್ಕೆ ಕಣ್ಣು ಮುಚ್ಚಿ ತೆರೆಯುತ್ತಿದ್ದೆ. ಅವಳೂ ಹಾಗೇ ಮಾಡಿದ ದಿನ ನನಗೆ ಅಳು ಬಂತು.

ಕ್ರೊವೇಷಿಯಾದ ಡುಬ್ರೊವ್ನಿಕ್‌ನಲ್ಲಿ 15ನೇ ಶತಮಾನದ ಒಂದು ಹಸ್ತಪ್ರತಿಯಿದೆ. ಅದರ ಹಾಳೆಯ ಮೇಲೆ ಶಾಯಿ ಮೆತ್ತಿದ ಬೆಕ್ಕಿನ ಹೆಜ್ಜೆಗಳು! ಇಲ್ಲಿ ಇಮ್ಮಡಿ ದೇವರಾಯ ಆಳಿದ್ದೂ ಅದೇ ಶತಮಾನದಲ್ಲಿ. ಹಂಪಿಯ ಒಲೆಗಳ ಪಕ್ಕದಲ್ಲೂ ಬೆಕ್ಕು ಮಲಗಿದ್ದಿರಬೇಕು ಅಲ್ವಾ, ಅಂತ ಆಗಾಗ ಅನ್ನಿಸುತ್ತದೆ.

ನೆಂಟರು ಬಂದರೆ ಚುಕ್ಕಿ ಈಗಲೂ ಮಂಚದಡಿಗೇ. ಮೊನ್ನೆ ಅಮ್ಮ ಊರಿಂದ ಬಂದವರು "ಎಲ್ಲೇ ನಿನ್ನ ಬೆಕ್ಕು?" ಅಂದರು. "ಹುಡುಕ್ಬೇಡಮ್ಮ, ಅವಳೇ ಬರ್ತಾಳೆ" ಅಂದೆ. ಇನ್ನು ಅವಳಿಗೆ ಮಕ್ಕಳಾಗದ ಆಪರೇಷನ್ ಮಾಡಿಸಬೇಕು. ಕರೆದುಕೊಂಡು ಹೋಗುವ ಬುಟ್ಟಿಯನ್ನು ಈಗಲೇ ಬಾಗಿಲು ತೆರೆದು ಕೋಣೆಯಲ್ಲಿಟ್ಟು, ಊಟದ ತಟ್ಟೆಯನ್ನು ಅದರೊಳಗೇ ಇಡುತ್ತಿದ್ದೇನೆ.