ಡೇರಿ ಪುಸ್ತಕದಲ್ಲಿ ಒಂದು ಸೊನ್ನೆ

ನಮ್ಮೂರಿನ ಹಾಲಿನ ಡೇರಿಯಲ್ಲಿ ಲೆಕ್ಕದ ಪುಸ್ತಕ ನನ್ನ ಕೈಗೆ ಬಂದ ಮೊದಲ ವರ್ಷದ ಮಾತು. ಬಟವಾಡೆಯ ದಿನ ಒಬ್ಬ ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ಬಂದರು. ಪಾಸ್‌ಬುಕ್ಕನ್ನು ಕೂಡಿದರೆ ಬರುವ ಮೊತ್ತಕ್ಕಿಂತ ನನ್ನ ಪುಸ್ತಕದಲ್ಲಿ 0.45 ಲೀಟರ್ ಕಡಿಮೆಯಿತ್ತು. "ನಾನು ಓದಿದವಳಲ್ಲ ಕಂದ, ಆದರೆ ನನ್ನ ಹಸು ಎಷ್ಟು ಕೊಡುತ್ತದೆ ಎಂಬುದು ನನಗೆ ಗೊತ್ತು" ಎಂದರು.

ಹದಿನೈದು ದಿನಗಳ ಮೂವತ್ತು ನಮೂದುಗಳನ್ನೂ ಒಂದೊಂದಾಗಿ ತಾಳೆ ನೋಡಿದೆ. ಒಂದು ಸಂಜೆ 3.50 ಇರಬೇಕಾದಲ್ಲಿ 3.05 ಎಂದು ಬರೆದಿದ್ದೆ. ಅಳೆಯುವವನು "ಮೂರು ಪಾಯಿಂಟ್ ಐದು" ಎಂದು ಕೂಗಿದ್ದ. ಐದು ಪೈಸೆಯನ್ನು .05 ಎಂದು ಬರೆದು ರೂಢಿಯಾಗಿದ್ದ ಕೈ ಹಾಲಿಗೂ ಹಾಗೆಯೇ ಬರೆದಿತ್ತು. ಅಂದಿನಿಂದ ನಾವು "ಮೂರು ಪಾಯಿಂಟ್ ಐದು ಸೊನ್ನೆ" ಎಂದು ಎರಡು ಅಂಕಿಗಳನ್ನೂ ಬಿಡಿಸಿ ಹೇಳುತ್ತೇವೆ. ಕೇಳಿಸಿಕೊಂಡ ನಾನು "ಮೂರೂವರೆ" ಎಂದು ಮರುಹೇಳುತ್ತೇನೆ.

ಆ ಮರುಹೇಳಿಕೆಯೇ ನನಗೆ ಅಂದಾಜು ಕಲಿಸಿತು. ಕಾಲು, ಅರೆ, ಮುಕ್ಕಾಲು ಎಂದರೆ .25, .50, .75. ಇವು ಎಲ್ಲರ ಬಾಯಲ್ಲೂ ಇವೆ, ಹೊಸದಾಗಿ ಕಲಿಯಬೇಕಾಗಿಲ್ಲ. ಒಂದೇ ಮನೆಯವರು ಬೆಳಿಗ್ಗೆ 12.4, ಸಂಜೆ 8.75 ಲೀಟರ್ ಹಾಕಿದರೆನ್ನಿ. ಪೆನ್ನು ಹಿಡಿಯುವ ಮೊದಲೇ ಹನ್ನೆರಡೂವರೆಗೆ ಎಂಟೂಮುಕ್ಕಾಲು ಕೂಡಿ ಇಪ್ಪತ್ತೊಂದೂಕಾಲು ಎಂದುಕೊಳ್ಳುತ್ತೇನೆ. ಸರಿಯಾದ ಮೊತ್ತ 21.15. ಬಿಂದುವಿನ ಕೆಳಗೆ ಬಿಂದು ಇಡದೆ ಬಲತುದಿಯ ಅಂಕಿಗಳನ್ನು ಒಂದರ ಕೆಳಗೊಂದು ಬರೆದು ಕೂಡಿದರೆ 9.99 ಬಂದೀತು. ಬೆಳಗಿನ ಹಾಲಿಗಿಂತ ಇಡೀ ದಿನದ ಹಾಲು ಕಡಿಮೆಯಾಗಲು ಹೇಗೆ ಸಾಧ್ಯ? ಅಂದಾಜು ಮಾಡಿಕೊಂಡವರ ಕಣ್ಣಿಗೆ ಇದು ಥಟ್ಟನೆ ಬೀಳುತ್ತದೆ. ನಾನೀಗ 12.4 ಎಂದು ಬರೆಯುವುದೇ ಇಲ್ಲ, 12.40 ಎಂದೇ ಬರೆಯುತ್ತೇನೆ.

ಕಳೆಯುವಾಗ ಈ ಸೊನ್ನೆಗಳು ಇನ್ನೂ ಮುಖ್ಯ. ಸಂಗ್ರಹವಾದದ್ದು 250 ಲೀಟರ್, ಊರಿನಲ್ಲೇ ಮಾರಿದ್ದು 18.65. ಅವಸರದಲ್ಲಿ 250ರಿಂದ 18 ಕಳೆದು .65 ಅನ್ನು ಹಾಗೆಯೇ ಕೆಳಗಿಳಿಸಿದರೆ 232.65 ಆಗುತ್ತದೆ. 250.00 ಎಂದು ಬರೆದು ಕಳೆದರೆ 231.35. ಸುಮಾರು ಹತ್ತೊಂಬತ್ತು ಹೋಗಿದೆ, 231ರ ಆಸುಪಾಸು ಉಳಿಯಬೇಕು ಎಂಬ ಅಂದಾಜು ಇಲ್ಲಿಯೂ ಕಾಯುತ್ತದೆ.

ಆದರೆ ಅಜ್ಜಿಯ 0.45 ಅನ್ನು ಅಂದಾಜು ಹಿಡಿಯಲಾರದು. ನೂರು ಲೀಟರಿನ ಮೊತ್ತದಲ್ಲಿ ಅಷ್ಟು ವ್ಯತ್ಯಾಸ ಅಡಗಿಬಿಡುತ್ತದೆ. ಅದಕ್ಕೆ ಬೇರೆ ಉಪಾಯವಿದೆ, ಲೆಕ್ಕ ಬರೆಯುವವರು ಹಿಂದಿನಿಂದಲೂ ಬಳಸುವುದು: ಎರಡು ಮೊತ್ತಗಳ ವ್ಯತ್ಯಾಸವನ್ನು ಬಿಂದು ಮರೆತು ಒಂಬತ್ತರಿಂದ ಭಾಗಿಸಬೇಕು. ಶೇಷ ಉಳಿಯದಿದ್ದರೆ ಅಂಕಿಗಳು ಅದಲುಬದಲಾಗಿರುವ ಅಥವಾ ಬಿಂದು ಜರುಗಿರುವ ಸಂಭವ ಹೆಚ್ಚು. 45 ಎಂದರೆ ಒಂಬತ್ತೈದಲ. 6.53 ಅನ್ನು 6.35 ಎಂದು ಬರೆದರೆ ವ್ಯತ್ಯಾಸ 18, 3.00 ಅನ್ನು 0.30 ಎಂದು ಬರೆದರೆ 270. ಈ ಉಪಾಯ ಅಂದು ಗೊತ್ತಿದ್ದರೆ ಮೂವತ್ತು ನಮೂದುಗಳಲ್ಲಿ ಸೊನ್ನೆ ಇರುವ ಸಾಲುಗಳನ್ನು ಮೊದಲು ನೋಡುತ್ತಿದ್ದೆ, ಆ ವಯಸ್ಸಿನವರನ್ನು ಅಷ್ಟು ಹೊತ್ತು ನಿಲ್ಲಿಸುತ್ತಿರಲಿಲ್ಲ.

ಬಾಕಿ ಹಣವನ್ನು ಆ ಸಂಜೆಯೇ ಅವರ ಮನೆಗೆ ಹೋಗಿ ಕೊಟ್ಟು ಬಂದೆ. ಮೊಮ್ಮಗ ಅದನ್ನೂ ಕೂಡಿ ನೋಡಿದ.