ಸಂಬಳ ಬಿಟ್ಟುಕೊಟ್ಟೆವು, ನಿದ್ದೆ ಬಿಟ್ಟುಕೊಡಲಿಲ್ಲ

ಕಂಪನಿ ನಷ್ಟದಲ್ಲಿದ್ದಾಗ ಮಾತುಕತೆಗೆ ಕೂತರೆ ಏನನ್ನಾದರೂ ಬಿಟ್ಟುಕೊಡಲೇಬೇಕಾಗುತ್ತದೆ. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಲೇಬಾರದು, ಅಷ್ಟು ಮಾತ್ರ ನಮ್ಮ ಕೈಯಲ್ಲಿರುತ್ತದೆ. ನಾನು ಅಮೆರಿಕದ ಒಂದು ದೊಡ್ಡ ಏರ್‌ಲೈನ್‌ನಲ್ಲಿ ಫ್ಲೈಟ್ ಅಟೆಂಡೆಂಟ್ ಆಗಿದ್ದೆ. ಅದು ದಿವಾಳಿ ಕೋರ್ಟಿನಲ್ಲಿದ್ದಾಗ ಯೂನಿಯನ್ನಿನ ಮಾತುಕತೆ ಸಮಿತಿಯಲ್ಲಿದ್ದೆ. ಅಲ್ಲಿ ನಾನು ಹಿಡಿದುಕೊಂಡ ಸೂತ್ರ ಒಂದೇ: ಸಂಬಳ ಕಡಿಮೆಯಾದರೆ ಮುಂದೆ ಯಾವಾಗಲಾದರೂ ವಾಪಸ್ ಪಡೆಯಬಹುದು, ಡ್ಯೂಟಿ ಎಷ್ಟು ಗಂಟೆ, ವಿಶ್ರಾಂತಿ ಎಷ್ಟು ಗಂಟೆ ಅನ್ನುವಂಥ ಕೆಲಸದ ನಿಯಮ ಹೋದರೆ ಹೋಯಿತು.

2001ರ ಸೆಪ್ಟೆಂಬರ್ ದಾಳಿಯ ನಂತರ ಇಲ್ಲಿನ ಏರ್‌ಲೈನ್‌ಗಳು ಒಂದರ ಹಿಂದೆ ಒಂದು ದಿವಾಳಿ ಅರ್ಜಿ ಹಾಕಿದವು. 2002ರ ಆಗಸ್ಟ್‌ನಲ್ಲಿ ಯುಎಸ್ ಏರ್‌ವೇಸ್, ಡಿಸೆಂಬರ್‌ನಲ್ಲಿ ಯುನೈಟೆಡ್, 2005ರ ಸೆಪ್ಟೆಂಬರ್ 14ರಂದು ಡೆಲ್ಟಾ ಮತ್ತು ನಾರ್ತ್‌ವೆಸ್ಟ್ ಎರಡೂ ಒಂದೇ ದಿನ. ಈ ದಿವಾಳಿ ಅಂದರೆ ಬಾಗಿಲು ಮುಚ್ಚುವುದಲ್ಲ. ವಿಮಾನಗಳು ಹಾರುತ್ತಲೇ ಇರುತ್ತವೆ, ಸಾಲ ಕೊಟ್ಟವರು ಕಾಯುತ್ತಾರೆ, ಅಷ್ಟರಲ್ಲಿ ಕಂಪನಿ ತನ್ನ ಖರ್ಚು ಇಳಿಸಿಕೊಳ್ಳುತ್ತದೆ. ಆ ಖರ್ಚಿನಲ್ಲಿ ನಮ್ಮ ಸಂಬಳ, ಪೆನ್ಷನ್, ರಜೆ ಎಲ್ಲವೂ ಸೇರಿದೆ.

ಮಾಮೂಲಿ ದಿನಗಳಲ್ಲಿ ನಮಗೆ 1926ರ ರೈಲ್ವೆ ಲೇಬರ್ ಆಕ್ಟ್ ರಕ್ಷಣೆ ಇದೆ. ರೈಲಿನವರಿಗಾಗಿ ಮಾಡಿದ ಕಾನೂನು, 1936ರಲ್ಲಿ ವಿಮಾನದವರಿಗೂ ಬಂತು. ಇದರ ಪ್ರಕಾರ ಅವಧಿ ದಾಟಿದ ಮಾತ್ರಕ್ಕೆ ಒಪ್ಪಂದ ಬಿದ್ದುಹೋಗುವುದಿಲ್ಲ, ಹೊಸದು ಆಗುವವರೆಗೆ ಹಳೆಯದೇ ನಡೆಯುತ್ತದೆ. ಆದರೆ ದಿವಾಳಿ ಕಾನೂನಿನ ಸೆಕ್ಷನ್ 1113 ಅಂತ ಒಂದಿದೆ. ಇಬ್ಬರೂ ಒಂದು ನಿರ್ಧಾರಕ್ಕೆ ಬರದಿದ್ದರೆ ಜಡ್ಜ್ ಒಪ್ಪಿಗೆ ಪಡೆದು ಕಂಪನಿ ಹಳೆಯ ಒಪ್ಪಂದವನ್ನೇ ತೆಗೆದುಹಾಕಬಹುದು.

ಹಾಗಾದರೆ ಸ್ಟ್ರೈಕ್ ಮಾಡಬಹುದಲ್ವಾ ಅಂತ ಎಲ್ಲರೂ ಕೇಳುತ್ತಿದ್ದರು. ನಾರ್ತ್‌ವೆಸ್ಟ್‌ನವರಿಗೆ ಏನಾಯಿತು ನೋಡಿ. ವರ್ಷಕ್ಕೆ 19.5 ಕೋಟಿ ಡಾಲರ್ ಉಳಿಸಿಕೊಡಿ ಅಂತ ಅಲ್ಲಿನ ಫ್ಲೈಟ್ ಅಟೆಂಡೆಂಟ್‌ಗಳನ್ನು ಕೇಳಿದ್ದರು. 2006ರಲ್ಲಿ ಅವರು ಎರಡು ಸಲ ಒಪ್ಪಂದವನ್ನು ವೋಟಿನಲ್ಲಿ ತಿರಸ್ಕರಿಸಿದರು. ಕಂಪನಿ ತನಗೆ ಬೇಕಾದ ಷರತ್ತುಗಳನ್ನು ಹೇರಿತು, ಸ್ಟ್ರೈಕ್‌ಗೆ ಕೋರ್ಟ್ ತಡೆ ಹಾಕಿತು. 2007ರ ಮೇ ತಿಂಗಳಲ್ಲಿ ಕೊನೆಗೂ ಒಂದು ಒಪ್ಪಂದ ಸ್ವಲ್ಪದರಲ್ಲಿ ಪಾಸಾಯಿತು. ಅವರ ಸಿಟ್ಟು ನ್ಯಾಯವಾದದ್ದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ದಿವಾಳಿಯ ಹೊತ್ತಿನಲ್ಲಿ "ಇಲ್ಲ" ಅಂದರೆ ಹಳೆಯದು ಉಳಿಯುತ್ತದೆ ಅಂತ ನಂಬುವ ಹಾಗಿಲ್ಲ.

ನಮ್ಮಲ್ಲಿ ಮ್ಯಾನೇಜ್‌ಮೆಂಟ್ ಮೊದಲ ಸಭೆಯಲ್ಲೇ ಒಂದು ಮೊತ್ತ ಇಟ್ಟಿತು: ವರ್ಷಕ್ಕೆ ಇಷ್ಟು ಉಳಿಸಬೇಕು, ಹೇಗೆ ಅಂತ ಬೇಕಾದರೆ ಮಾತಾಡೋಣ. ನಾವು ಮೊದಲು ಮಾಡಿದ ಕೆಲಸ ಆ ಮೊತ್ತದ ಹಿಂದಿನ ಲೆಕ್ಕ ಕೇಳಿದ್ದು. ಒಪ್ಪಂದ ರದ್ದು ಮಾಡಿ ಅಂತ ಕೋರ್ಟಿಗೆ ಹೋಗುವ ಮೊದಲು ಕಂಪನಿ ನಮಗೆ ಬೇಕಾದ ಮಾಹಿತಿ ಕೊಡಬೇಕು, ಪ್ರಾಮಾಣಿಕವಾಗಿ ಮಾತಾಡಬೇಕು ಅಂತ ಅದೇ 1113ರಲ್ಲಿದೆ. ಗೌಪ್ಯತೆಯ ಪತ್ರಕ್ಕೆ ಸಹಿ ಹಾಕಿದೆವು, ಯೂನಿಯನ್ ಒಬ್ಬ ಹಣಕಾಸು ತಜ್ಞರನ್ನು ನೇಮಿಸಿತು, ಆಮೇಲೆ ಹಾಳೆ ಹಾಳೆ ಕೂತು ಓದಿದೆವು. ನಮ್ಮವರು ನಿಜವಾಗಿ ಹಾರಿದ ಟ್ರಿಪ್‌ಗಳ ಶೆಡ್ಯೂಲ್ ತೆಗೆದುಕೊಂಡು, ಕಂಪನಿ ಹೇಳಿದ ಹೊಸ ನಿಯಮದಲ್ಲಿ ಅದೇ ಟ್ರಿಪ್ ಹೇಗಿರುತ್ತಿತ್ತು ಅಂತ ಬರೆದುಕೊಂಡು ಹೋದೆವು. ಬೇಜಾರಿನ ಕೆಲಸ, ಆದರೆ ಅಲ್ಲೇ ಹಿಡಿತ ಸಿಕ್ಕಿತು. ಡ್ಯೂಟಿ ಗಂಟೆ ಹೆಚ್ಚಿಸಿದರೆ ಕಡಿಮೆ ಜನ ಸಾಕು ಅಂತ ಒಂದು ಕಡೆ ಉಳಿತಾಯ ತೋರಿಸಿದ್ದರು, ಅದೇ ಉಳಿತಾಯ ಬೇರೆ ಹೆಸರಿನಲ್ಲಿ ಇನ್ನೊಂದು ಸಾಲಿನಲ್ಲೂ ಇತ್ತು. ಸುಸ್ತಾಗಿ ರಜೆ ಹಾಕುವವರು ಜಾಸ್ತಿಯಾದರೆ ಆಗುವ ಖರ್ಚು ಮಾತ್ರ ಎಲ್ಲೂ ಇರಲಿಲ್ಲ. ಇದನ್ನು ಮುಂದಿಟ್ಟಾಗ ಅವರ ಲೆಕ್ಕದವರೇ ಒಪ್ಪಬೇಕಾಯಿತು, ಮೊತ್ತ ಇಳಿಯಿತು.

ಉಳಿದ ಮೊತ್ತವನ್ನು ಎಲ್ಲಿಂದ ತರುವುದು ಅನ್ನುವುದು ನಮ್ಮೊಳಗೇ ದೊಡ್ಡ ಜಗಳವಾಯಿತು. ಸಮಿತಿಯಲ್ಲಿ ಕೆಲವರಿಗೆ ಗಂಟೆಯ ಸಂಬಳ ಉಳಿದರೆ ಸಾಕಿತ್ತು, ಮನೆ ಸಾಲ ಇದ್ದವರು ಇನ್ನೇನು ಹೇಳಲು ಸಾಧ್ಯ? ನಾನು ವಿಶ್ರಾಂತಿಯ ಗಂಟೆಗಳನ್ನು ಮುಟ್ಟಬೇಡಿ ಅಂತ ಪಟ್ಟು ಹಿಡಿದೆ. ಕಾರಣ ಇದೆ. ಆಗ ಸರ್ಕಾರಿ ನಿಯಮದಲ್ಲಿ ಎರಡು ಡ್ಯೂಟಿಗಳ ನಡುವೆ 9 ಗಂಟೆ ವಿಶ್ರಾಂತಿ, ಅದನ್ನೂ 8ಕ್ಕೆ ಇಳಿಸಲು ಅವಕಾಶವಿತ್ತು. ಆ 8 ಗಂಟೆಯೊಳಗೇ ಹೋಟೆಲ್ ವ್ಯಾನ್‌ಗೆ ಕಾಯುವುದು, ಊಟ, ಸ್ನಾನ, ಬೆಳಿಗ್ಗೆ ಮತ್ತೆ ಸೆಕ್ಯೂರಿಟಿ ಸಾಲು. ನಿದ್ದೆಗೆ ಎಷ್ಟು ಉಳಿಯುತ್ತದೆ ನೀವೇ ಹೇಳಿ. ಬೆಂಕಿ ಹತ್ತಿಕೊಂಡರೆ 90 ಸೆಕೆಂಡಿನಲ್ಲಿ ಇಡೀ ವಿಮಾನ ಖಾಲಿ ಮಾಡಿಸಬೇಕಾದವರು ನಾವು. ನಮ್ಮ ಹಳೆಯ ಒಪ್ಪಂದದಲ್ಲಿ ಸರ್ಕಾರದ್ದಕ್ಕಿಂತ ಹೆಚ್ಚು ವಿಶ್ರಾಂತಿ ಇತ್ತು, ಅದನ್ನು ಉಳಿಸಿಕೊಂಡೆವು. ಬದಲಿಗೆ ಸಂಬಳದಲ್ಲಿ ದೊಡ್ಡ ಕಡಿತ, ರಜೆಯ ದಿನಗಳಲ್ಲಿ ಕಡಿತ. ನೋವಾಯಿತು, ಸುಳ್ಳು ಹೇಳುವುದಿಲ್ಲ. ಸರ್ಕಾರದ ನಿಯಮ 10 ಗಂಟೆಗೆ ಏರಿದ್ದು 2022ರಲ್ಲಿ, ಅದೂ 2018ರಲ್ಲೇ ಕಾನೂನು ಪಾಸಾದ ಮೇಲೆ. ಅಲ್ಲಿಯವರೆಗೆ ನಮ್ಮವರನ್ನು ಕಾಪಾಡಿದ್ದು ಒಪ್ಪಂದದ ಆ ಒಂದು ಪುಟ.

ಇನ್ನೆರಡು ವಿಷಯಗಳಲ್ಲೂ ನಾವು ಜಗ್ಗಲಿಲ್ಲ. ಕಡಿತಕ್ಕೆ ಕೊನೆಯ ತಾರೀಕು ಬರೆದಿರಬೇಕು, ಮತ್ತು ನಮ್ಮದನ್ನು ಕಡಿದು ಮೇಲಿನವರಿಗೆ ಬೋನಸ್ ಕೊಡಬಾರದು. ಎರಡನೆಯದು ಸುಮ್ನೆ ಬಂದದ್ದಲ್ಲ. 2003ರಲ್ಲಿ ಅಮೆರಿಕನ್ ಏರ್‌ಲೈನ್ಸ್ ನೌಕರರು ದಿವಾಳಿ ತಪ್ಪಿಸಲು ವರ್ಷಕ್ಕೆ 180 ಕೋಟಿ ಡಾಲರ್ ಬಿಟ್ಟುಕೊಡಲು ಒಪ್ಪಿದರು. ಅದೇ ಹೊತ್ತಿಗೆ ಅಧಿಕಾರಿಗಳಿಗೆ ಗೊತ್ತುಮಾಡಿದ್ದ ಬೋನಸ್ ವಿಷಯ ಹೊರಬಿತ್ತು. ಮುಖ್ಯಸ್ಥ ಡಾನ್ ಕಾರ್ಟಿ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು.

ವೋಟಿಗೆ ಮೊದಲು ಒಂದೊಂದು ಬೇಸ್‌ಗೂ, ಅಂದರೆ ನಮ್ಮವರು ಡ್ಯೂಟಿ ಶುರು ಮಾಡುವ ಏರ್‌ಪೋರ್ಟ್‌ಗೂ, ಹೋಗಿ ಕ್ರ್ಯೂ ರೂಮಿನಲ್ಲಿ ನಿಂತು ಒಪ್ಪಂದವನ್ನು ವಿವರಿಸಿದೆವು. ಬೈಸಿಕೊಂಡಿದ್ದೂ ಆಯಿತು. ರಿಸರ್ವ್‌ನಲ್ಲಿರುವ ಹೊಸ ಹುಡುಗಿಯರಿಗೆ ಫೋನ್ ಬಂದರೆ ಓಡಬೇಕಾದ ಬದುಕು, ಸೀನಿಯರ್‌ಗಳಿಗೆ ಪೆನ್ಷನ್ ಚಿಂತೆ. ಇಬ್ಬರಿಗೂ ಒಂದೇ ಮಾತು ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅದಕ್ಕೆ ನಾನು ಪ್ರತಿಯೊಬ್ಬರ ಕೈಗೂ ಅವರ ಹಿಂದಿನ ತಿಂಗಳ ಶೆಡ್ಯೂಲ್ ಕೊಟ್ಟು, ಹೊಸ ಒಪ್ಪಂದದಲ್ಲಿ ಅದೇ ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ ಅಂತ ಅಲ್ಲೇ ಲೆಕ್ಕ ಮಾಡಿಸುತ್ತಿದ್ದೆ. ವೋಟು ಪಾಸಾಯಿತು.

ಆಗ ಬೋರ್ಡಿಂಗ್ ಸಮಯಕ್ಕೂ ಸಂಬಳ ಕೊಡಿ ಅಂತ ಕೇಳಿದ್ದೆವು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇಲ್ಲಿ ಆಗ ವಿಮಾನದ ಬಾಗಿಲು ಮುಚ್ಚಿ ಹೊರಟ ಮೇಲಷ್ಟೇ ಗಂಟೆಯ ಸಂಬಳ ಶುರುವಾಗುವ ಪದ್ಧತಿ ಇತ್ತು. ಪ್ರಯಾಣಿಕರು ಹತ್ತುವ, ಬ್ಯಾಗ್ ಎತ್ತಿಡುವ, ಜಗಳ ಬಿಡಿಸುವ ಹೊತ್ತೆಲ್ಲ ಪುಕ್ಕಟೆ. ಕಂಪನಿ ಆ ಬೇಡಿಕೆಗೆ ಲೆಕ್ಕ ಹಾಕಲೂ ಒಪ್ಪಲಿಲ್ಲ. 2022ರಲ್ಲಿ ಯೂನಿಯನ್ ಇಲ್ಲದ ಡೆಲ್ಟಾ ಅರ್ಧ ದರದಲ್ಲಿ ಶುರು ಮಾಡಿತು, 2024ರಲ್ಲಿ ಅಮೆರಿಕನ್‌ನವರು ಒಪ್ಪಂದದಲ್ಲೇ ಬರೆಸಿಕೊಂಡರು. 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ ಸುಮಾರು 10,000 ಮಂದಿ ಸ್ಟ್ರೈಕ್‌ಗೆ ಇಳಿದಾಗಲೂ ಮುಖ್ಯ ಬೇಡಿಕೆ ಇದೇ, ನೆಲದ ಮೇಲಿನ ಕೆಲಸಕ್ಕೆ ಕೂಲಿ.

ಬೆಂಗಳೂರಿನಲ್ಲಿ ಕ್ಯಾಬಿನ್ ಕ್ರ್ಯೂ ಆಗಿರುವ ನನ್ನ ಅಕ್ಕನ ಮಗಳು "ನಮಗೆ ಯೂನಿಯನ್ನೇ ಇಲ್ಲವಲ್ಲ ಚಿಕ್ಕಮ್ಮ, ನಾವೇನು ಮಾಡೋದು?" ಅಂತ ಕೇಳುತ್ತಾಳೆ. 2012ರಲ್ಲಿ ಕಿಂಗ್‌ಫಿಷರ್ ನಿಂತಾಗ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು, ಅದು ಅವಳಿಗೂ ಗೊತ್ತು. ಆದರೆ 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ರ್ಯೂ ಒಟ್ಟಾಗಿ ಸಿಕ್ ಲೀವ್ ಹಾಕಿದರು, ಕೆಲವರನ್ನು ಕಂಪನಿ ವಜಾ ಮಾಡಿತು, ದೆಹಲಿಯಲ್ಲಿ ಕಾರ್ಮಿಕ ಆಯುಕ್ತರ ಮುಂದೆ ಮಾತುಕತೆಯಾಗಿ ಅವರನ್ನು ವಾಪಸ್ ತೆಗೆದುಕೊಂಡಿತು. ಅಂದರೆ ಅಲ್ಲೂ ದಾರಿ ಇದೆ. ಅವಳಿಗೆ ನಾನು ಹೇಳಿದ್ದು ಇಷ್ಟು: ಪ್ರತಿ ತಿಂಗಳ ರೋಸ್ಟರ್ ಮತ್ತು ಸಂಬಳದ ಚೀಟಿ ನಿನ್ನ ಹತ್ರ ಇಟ್ಟುಕೋ, ಕಂಪನಿಯ ಆ್ಯಪ್‌ನಲ್ಲಿದೆ ಅಂತ ಬಿಡಬೇಡ. ನಿನ್ನ ಬ್ಯಾಚಿನವರಿಗೂ ಹೇಳು. ವಿಶ್ರಾಂತಿ ಕಡಿಮೆ ಸಿಕ್ಕ ದಿನಗಳನ್ನು ಬೇರೆಯಾಗಿ ಬರೆದಿಡು.