ಮಸ್ಟ್ ಎಲ್ಲಿ ಹಾಕ್ಬೇಕು, ಎಲ್ಲಿ ಹಾಕ್ಬಾರ್ದು

ಇಂಗ್ಲಿಷ್ ಕಲಿಯೋರಿಗೆ ಮಸ್ಟ್ ಅನ್ನೋ ಪದ ಬೇಗ ಕೈಗೆ ಹತ್ತುತ್ತೆ, ಯಾಕಂದ್ರೆ ನಮ್ಮ "ಬೇಕು"ಗೆ ಅದು ಸರಿಯಾಗಿ ಹೊಂದ್ಕೊಳ್ಳುತ್ತೆ. ಹೋಗ್ಲೇಬೇಕು ಅಂದ್ರೆ ಮಸ್ಟ್ ಗೋ, ಮಾಡ್ಲೇಬೇಕು ಅಂದ್ರೆ ಮಸ್ಟ್ ಡೂ. ಎಡವಟ್ಟಾಗೋದೆಲ್ಲ ಅದಕ್ಕೆ ನಾಟ್ ಸೇರಿಸಿದಾಗ, ಹಾಗಾಗಿ ಗ್ರಾಮರ್ ಪುಸ್ತಕದ ಆರ್ಡರ್ ಬಿಟ್ಟು ಅಲ್ಲಿಂದಾನೇ ಶುರು ಮಾಡ್ತೀನಿ.

ಜೊತೇಲಿ ಕೆಲಸ ಮಾಡೋರಿಗೆ "ನಾಳೆ ನೀವು ಬರ್ಬೇಕಾಗಿಲ್ಲ" ಅಂತ ಮೆಸೇಜ್ ಹಾಕ್ಬೇಕು ಅಂದ್ಕೊಳ್ಳಿ. ಬೇಕು ಅಂದ್ರೆ ಮಸ್ಟ್, ಇಲ್ಲ ಅಂದ್ರೆ ನಾಟ್ ಅಂತ ಲೆಕ್ಕ ಹಾಕಿ "ಯು ಮಸ್ಟ್ ನಾಟ್ ಕಮ್ ಟುಮಾರೊ" ಅಂತ ಕಳಿಸಿದ್ರೆ ಓದಿದವ್ರಿಗೆ ಅರ್ಥ ಆಗೋದು "ನಾಳೆ ನೀವು ಬರಕೂಡದು" ಅಂತ. ನೀವು ಹೇಳೋಕೆ ಹೊರಟಿದ್ದು ಆರಾಮಾಗಿ ರೆಸ್ಟ್ ತಗೊಳ್ಳಿ ಅಂತ, ಅವ್ರಿಗೆ ಮುಟ್ಟಿದ್ದು ನಿಷೇಧ, ಪಾಪ ಏನ್ ತಪ್ಪು ಮಾಡಿದ್ನೋ ಅಂತ ರಾತ್ರಿಯೆಲ್ಲ ಯೋಚನೆ ಮಾಡ್ತಾರೆ. ಇಲ್ಲಿ ಬರ್ಬೇಕಾದ್ದು "ಯು ಡೋಂಟ್ ಹ್ಯಾವ್ ಟು ಕಮ್ ಟುಮಾರೊ".

ಇದಕ್ಕೆ ಒಂದು ಸುಲಭದ ದಾರಿ ಇದೆ. ಮೊದ್ಲು ಕನ್ನಡದಲ್ಲೇ ವಾಕ್ಯ ಹೇಳ್ಕೊಳ್ಳಿ, ಕೊನೇಲಿ "ಬಾರ್ದು" ಅಥವಾ "ಕೂಡದು" ಬಂದ್ರೆ ಮಸ್ಟ್ ನಾಟ್, "ಬೇಕಾಗಿಲ್ಲ" ಅಥವಾ "ಬೇಕಿಲ್ಲ" ಬಂದ್ರೆ ಡೋಂಟ್ ಹ್ಯಾವ್ ಟು. ಕನ್ನಡದಲ್ಲಿ ಈ ಎರಡನ್ನ ನಾವು ಯಾವತ್ತೂ ಕಲಸಿಹಾಕೋದಿಲ್ಲ, ಆ ತಿಳುವಳಿಕೆನೇ ಇಂಗ್ಲಿಷಿಗೂ ಬಳಸ್ಕೊಂಡ್ರೆ ಸಾಕು.

ಇನ್ನು ವಾಕ್ಯದಲ್ಲಿ ಕೂರಿಸೋ ವಿಷಯ. ಮಸ್ಟ್ ಆದ್ಮೇಲೆ ಟು ಬರಲ್ಲ, "ಐ ಮಸ್ಟ್ ಟು ಗೋ" ತಪ್ಪು. ಹೀ, ಶೀ ಬಂದ್ರೂ ಮಸ್ಟ್ಸ್ ಆಗಲ್ಲ, ಮುಂದಿನ ಕ್ರಿಯಾಪದಕ್ಕೂ ಎಸ್ ಹತ್ತಲ್ಲ, "ಶೀ ಮಸ್ಟ್ ಗೋ" ಅಷ್ಟೇ. ಪ್ರಶ್ನೆ ಕೇಳೋವಾಗ "ಮಸ್ಟ್ ಐ ಗೋ" ಅನ್ನೋದು ಸರಿಯೇ ಆದ್ರೂ ಸ್ವಲ್ಪ ಬಿಗಿಯಾಗಿ ಕೇಳಿಸುತ್ತೆ, ಮಾತಲ್ಲಿ "ಡು ಐ ಹ್ಯಾವ್ ಟು ಗೋ" ಅನ್ನೋದೇ ಸಹಜ.

ನಿನ್ನೆ ಹೋಗ್ಬೇಕಾಯ್ತು ಅನ್ನೋದಕ್ಕೆ ಮಸ್ಟ್ ಕೆಲಸಕ್ಕೆ ಬರಲ್ಲ, "ಐ ಹ್ಯಾಡ್ ಟು ಗೋ" ಅನ್ಬೇಕು. ಇದಕ್ಕೊಂದು ಹಳೇ ಕಾರಣ ಇದೆ, ಮಸ್ಟ್ ಅನ್ನೋದೇ ಮೂಲದಲ್ಲಿ ಹಳೇ ಇಂಗ್ಲಿಷಿನ ಒಂದು ಕ್ರಿಯಾಪದದ ಭೂತಕಾಲದ ರೂಪ, ಬರ್ತಾ ಬರ್ತಾ ಅದನ್ನೇ ವರ್ತಮಾನಕ್ಕೆ ಬಳಸೋಕೆ ಶುರು ಮಾಡಿದ್ರು, ಮೂಲ ಪದ ಬಿದ್ದೇಹೋಯ್ತು, ಅದಕ್ಕೇ ಇದಕ್ಕೆ ಬೇರೆ ಭೂತಕಾಲ ಇಲ್ಲ. ನಾಳೆ ಹೋಗ್ಬೇಕಾಗುತ್ತೆ ಅನ್ನೋಕೆ "ವಿಲ್ ಹ್ಯಾವ್ ಟು ಗೋ", ವಿಲ್ ಮಸ್ಟ್ ಅಂತ ಎಲ್ಲೂ ಇಲ್ಲ.

"ಮಸ್ಟ್ ಹ್ಯಾವ್ ಗಾನ್" ಅಂತ ಕೇಳಿದೀನಲ್ಲ ಅಂತೀರಾ? ಅದು ಬೇರೆ. ಅದು "ಹೋಗಿರ್ಬೇಕು" ಅನ್ನೋ ಊಹೆ, ಬಲವಂತ ಅಲ್ಲ. ನನಗೆ ತುಂಬ ಇಷ್ಟವಾಗೋ ಜಾಗ ಇದೇ, ಯಾಕಂದ್ರೆ ಕನ್ನಡದ "ಬೇಕು" ಕೂಡ ಈ ಎರಡೂ ಕೆಲಸ ಮಾಡುತ್ತೆ. "ನೀನು ಮನೇಲಿ ಇರ್ಬೇಕು" ಅಂದ್ರೆ ಅಪ್ಪಣೆ, "ಲೈಟ್ ಉರೀತಿದೆ, ಒಳಗೆ ಯಾರೋ ಇರ್ಬೇಕು" ಅಂದ್ರೆ ಊಹೆ. ಇಂಗ್ಲಿಷಲ್ಲೂ ಹಂಗೇ, "ದೇರ್ ಮಸ್ಟ್ ಬಿ ಸಮ್‌ಒನ್ ಇನ್‌ಸೈಡ್". ಆದ್ರೆ ಒಳಗೆ ಯಾರೂ ಇರೋಕೆ ಸಾಧ್ಯನೇ ಇಲ್ಲ ಅನ್ನೋವಾಗ ಮಸ್ಟ್ ನಾಟ್ ಬೇಡ, "ದೇರ್ ಕಾಂಟ್ ಬಿ ಎನಿಒನ್ ಇನ್‌ಸೈಡ್" ಅನ್ನಿ.

ಮಸ್ಟ್‌ಗೂ ಹ್ಯಾವ್ ಟುಗೂ ಏನು ವ್ಯತ್ಯಾಸ ಅಂತ ತುಂಬ ಜನ ತಲೆ ಕೆಡಿಸ್ಕೊಳ್ತಾರೆ. ಮಾತಾಡ್ತಿರೋರಿಗೇ ಇದು ಆಗ್ಲೇಬೇಕು ಅನ್ನಿಸಿದ್ರೆ ಮಸ್ಟ್, ರೂಲ್ಸು, ಟೈಮು, ಬೇರೆಯವ್ರ ಒತ್ತಾಯ ಇದ್ರೆ ಹ್ಯಾವ್ ಟು ಅನ್ನೋದು ಸಾಮಾನ್ಯವಾಗಿ ಕಲಿಸೋ ಪಾಠ. ಆದ್ರೆ ದಿನನಿತ್ಯದ ಮಾತಲ್ಲಿ ಹ್ಯಾವ್ ಟುನೇ ಜಾಸ್ತಿ ಓಡುತ್ತೆ, ಡೌಟ್ ಬಂದ್ರೆ ಅದನ್ನೇ ಹಾಕಿ. ನೋಟಿಸು, ಫಾರ್ಮು, ನಿಯಮಾವಳಿ ಬರೆಯೋವಾಗ ಮಸ್ಟ್ ಇರ್ಲಿ.

ನಮ್ಮವ್ರು ಒತ್ತಿ ಹೇಳೋಕೆ "ಮಸ್ಟ್ ಅಂಡ್ ಶುಡ್" ಅಂತಾರೆ. ನಮ್ಮನಮ್ಮಲ್ಲಿ ನಡಿಯುತ್ತೆ, ಆದ್ರೆ ಹೊರಗಿನವ್ರಿಗೆ ವಿಚಿತ್ರವಾಗಿ ಕೇಳಿಸುತ್ತೆ, ಯಾಕಂದ್ರೆ ಶುಡ್ ಅಂದ್ರೆ "ಮಾಡಿದ್ರೆ ಒಳ್ಳೇದು" ಅನ್ನೋ ಸಲಹೆ ಅಷ್ಟೇ, ಬಲವಾದ ಪದದ ಪಕ್ಕ ಬಲ ಕಮ್ಮಿ ಇರೋದನ್ನ ಇಟ್ಟಂಗೆ ಆಯ್ತು. ಒತ್ತು ಬೇಕಿದ್ರೆ "ಯು ರಿಯಲಿ ಮಸ್ಟ್" ಅನ್ನಿ.

ಮೇಲ್ ಬರೆಯೋವಾಗ ಮಾತ್ರ ದಯವಿಟ್ಟು ಹುಷಾರಾಗಿರಿ. ಮೇಲಿನವ್ರಿಗೋ ಕಸ್ಟಮರ್‌ಗೋ "ಯು ಮಸ್ಟ್ ರಿಪ್ಲೈ ಟುಡೇ" ಅಂತ ಬರೆದ್ರೆ ಗದರಿಸಿದಂಗೆ ಇರುತ್ತೆ, "ಕುಡ್ ಯು ಪ್ಲೀಸ್ ರಿಪ್ಲೈ ಟುಡೇ" ಅಂದ್ರೆ ಕೆಲಸನೂ ಆಗುತ್ತೆ, ಮರ್ಯಾದೆನೂ ಉಳಿಯುತ್ತೆ. ಆದ್ರೆ ಇದೇ ಮಸ್ಟ್ ಕರೆಯೋವಾಗ ಪ್ರೀತಿ ಆಗಿಬಿಡುತ್ತೆ, "ಯು ಮಸ್ಟ್ ಕಮ್" ಅಂದ್ರೆ ನಮ್ಮ "ಬರ್ಲೇಬೇಕು ನೋಡಿ" ಇದ್ದಂಗೆ, ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಕೊನೇದಾಗಿ ಉಚ್ಚಾರಣೆ. ಮಸ್ಟ್ ನಾಟ್ ಸೇರಿಸಿ ಹೇಳೋವಾಗ ಮಧ್ಯದ ಟ ಕೇಳಿಸಲ್ಲ, ಮಸ್ಟಂಟ್ ಅಲ್ಲ, ಮಸಂಟ್. ಬೇಗ ಮಾತಾಡೋರ ಬಾಯಲ್ಲಿ ಮಸ್ಟ್ ಗೋ ಕೂಡ ಮಸ್‌ಗೋ ಅಂತಾನೇ ಕಿವಿಗೆ ಬೀಳುತ್ತೆ.